ವಿದ್ಯುತ್ ದರದ ವಿಚಾರಣೆಯಲ್ಲಿ ಯಾರು ಕೇಳಬಹುದು, ಯಾರು ಉತ್ತರಿಸಲೇಬೇಕು

2025ರ ಏಪ್ರಿಲ್ 1ರಿಂದ ಕರ್ನಾಟಕದ ವಿದ್ಯುತ್ ಬಿಲ್ಲುಗಳಿಗೆ ಯೂನಿಟ್ಟಿಗೆ 36 ಪೈಸೆಯ ಹೊಸದೊಂದು ಬಾಬ್ತು ಸೇರಿತು. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಬೇಕಾದ ಹಣವನ್ನು ಗ್ರಾಹಕರಿಂದ ಸಂಗ್ರಹಿಸಲು ವಿಧಿಸಿದ ಸರ್ಚಾರ್ಜ್ ಅದು. ಅದೇ ದಿನದಿಂದ ಗೃಹಬಳಕೆಯ ನಿಗದಿತ ಶುಲ್ಕ ಕಿಲೋವಾಟ್‌ಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ಯೂನಿಟ್ ದರ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಗೃಹಜ್ಯೋತಿ ಯೋಜನೆಯಡಿ ಸೊನ್ನೆ ಬಿಲ್ಲು ಬರುವ ಮನೆಗಳಿಗೆ ಇದರ ಬಿಸಿ ತಟ್ಟಲಿಲ್ಲವಾದರೂ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕ, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ನಡೆಸುವವರಿಗೆ ಇಂತಹ ಒಂದೊಂದು ಬದಲಾವಣೆಯೂ ತಿಂಗಳ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ.

ಬಿಲ್ಲು ಹೆಚ್ಚಾದಾಗ ಜನ ಸಾಮಾನ್ಯವಾಗಿ ಮೀಟರ್ ರೀಡರನ್ನೋ, ಸೆಕ್ಷನ್ ಆಫೀಸನ್ನೋ, ಸರ್ಕಾರವನ್ನೋ ದೂರುತ್ತಾರೆ. ಆದರೆ ದರ ನಿಗದಿಪಡಿಸುವ ಅಧಿಕಾರ ಈ ಮೂವರಲ್ಲಿ ಯಾರಿಗೂ ಇಲ್ಲ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸೇರಿದ್ದು, ಮತ್ತು ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸದೆ ಆಯೋಗವೂ ವಾರ್ಷಿಕ ದರ ಆದೇಶ ಹೊರಡಿಸುವಂತಿಲ್ಲ. ಆ ವಿಚಾರಣೆ ಹೇಗೆ ನಡೆಯುತ್ತದೆ, ಉತ್ತರಿಸಲು ಹಿಂಜರಿಯುವ ಅಧಿಕಾರಿಯನ್ನು ಅಥವಾ ಕಂಪನಿಯನ್ನು ಆಯೋಗ ಹೇಗೆ ಮಣಿಸಬಲ್ಲದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಯೋಗ ಎಂದರೆ ಯಾರು

ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯೇ ವಿದ್ಯುತ್ ಉತ್ಪಾದನೆಯ ಒಂದು ಭಾಗವನ್ನೂ ಸಾಗಣೆ, ವಿತರಣೆಗಳನ್ನೂ ನೋಡಿಕೊಳ್ಳುತ್ತಿತ್ತು. ದರದ ವಿಷಯದಲ್ಲಿ ಸರ್ಕಾರದ ಮಾತೇ ಕೊನೆಯದಾಗಿತ್ತು. 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆ ಈ ವ್ಯವಸ್ಥೆಯನ್ನು ಒಡೆಯಿತು. ಮಂಡಳಿಯ ಜಾಗದಲ್ಲಿ ಸರ್ಕಾರಿ ಒಡೆತನದ ವಿದ್ಯುತ್ ಸಾಗಣೆ ಕಂಪನಿ ಕೆಪಿಟಿಸಿಎಲ್ ಬಂತು. 2002ರಲ್ಲಿ ವಿತರಣೆಯ ಕೆಲಸ ಪ್ರತ್ಯೇಕ ಕಂಪನಿಗಳ ಪಾಲಾಯಿತು. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವ ಜೆಸ್ಕಾಂ ಅವುಗಳಲ್ಲೊಂದು. ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿದೆ.

ಇಂತಹ ಕಂಪನಿಗೆ ತನ್ನ ವ್ಯಾಪ್ತಿಯಲ್ಲಿ ಪೈಪೋಟಿ ಇಲ್ಲ. ಸಿಂಧನೂರಿನ ಗ್ರಾಹಕರಿಗೆ ಜೆಸ್ಕಾಂ ದರ ದುಬಾರಿ ಎನಿಸಿದರೆ ಬೇರೊಂದು ಕಂಪನಿಯ ತಂತಿ ಎಳೆಸಿಕೊಳ್ಳುವ ಅವಕಾಶ ಇರುವುದಿಲ್ಲ. ಬಟ್ಟೆ ಅಂಗಡಿಯ ಬೆಲೆಯನ್ನು ಪಕ್ಕದ ಅಂಗಡಿ ಹದ್ದಿನಲ್ಲಿಡುತ್ತದೆ, ವಿದ್ಯುತ್ ಬೆಲೆಯನ್ನು ಹದ್ದಿನಲ್ಲಿಡಲು ಯಾರಾದರೂ ಕೂತು ಲೆಕ್ಕ ನೋಡಬೇಕಾಗುತ್ತದೆ. ನಿಯಂತ್ರಣ ಆಯೋಗಗಳು ಹುಟ್ಟಿದ್ದು ಈ ಅಗತ್ಯದಿಂದ.

ಈಗ ಎಲ್ಲ ರಾಜ್ಯಗಳ ಆಯೋಗಗಳಿಗೂ ಮುಖ್ಯ ಆಧಾರ 2003ರ ವಿದ್ಯುಚ್ಛಕ್ತಿ ಕಾಯ್ದೆ. ಅದರ ಪ್ರಕಾರ ರಾಜ್ಯ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಸದಸ್ಯರು ಇರುವಂತಿಲ್ಲ. ಅವರ ಅವಧಿ 5 ವರ್ಷ, ವಯೋಮಿತಿ 65. ಆಯೋಗ ನ್ಯಾಯಾಲಯವಲ್ಲ, ಹಾಗೆಂದು ಸರ್ಕಾರದ ಇಲಾಖೆಯೂ ಅಲ್ಲ. ಕಾನೂನಿನ ಭಾಷೆಯಲ್ಲಿ ಅದನ್ನು ಅರೆನ್ಯಾಯಿಕ ಸಂಸ್ಥೆ ಎನ್ನುತ್ತಾರೆ: ಅದು ನಿಯಮ ರೂಪಿಸುತ್ತದೆ, ದರ ಕಟ್ಟುತ್ತದೆ, ಜೊತೆಗೆ ಎರಡು ಕಡೆಯ ವಾದ ಕೇಳಿ ತೀರ್ಪನ್ನೂ ಕೊಡುತ್ತದೆ. ಈ ಕೊನೆಯ ಕೆಲಸಕ್ಕೆ ಕಾನೂನಿನ ಅನುಭವ ಬೇಕೆಂಬ ಕಾರಣಕ್ಕೆ, ಆಯೋಗದ ಸದಸ್ಯರಲ್ಲಿ ಒಬ್ಬರಾದರೂ ಕಾನೂನು ಕ್ಷೇತ್ರದವರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತು.

ಅರ್ಜಿಯಿಂದ ಆದೇಶದವರೆಗೆ

ದರ ವಿಚಾರಣೆ ಶುರುವಾಗುವುದು ಕಂಪನಿಯ ಅರ್ಜಿಯಿಂದ. ಮುಂದಿನ ವರ್ಷ ಅಥವಾ ವರ್ಷಗಳಲ್ಲಿ ತನಗೆ ಎಷ್ಟು ಹಣ ಬೇಕು, ಈಗಿನ ದರದಲ್ಲಿ ಎಷ್ಟು ಬರುತ್ತದೆ, ಎಷ್ಟು ಕಡಿಮೆ ಬೀಳುತ್ತದೆ ಎಂಬ ಲೆಕ್ಕವನ್ನು ಕಂಪನಿ ಆಯೋಗದ ಮುಂದಿಡುತ್ತದೆ. ಒಟ್ಟು ಬೇಕಾದ ಹಣಕ್ಕೆ ‘ವಾರ್ಷಿಕ ಕಂದಾಯ ಅಗತ್ಯ’ ಎಂದೂ ಕಡಿಮೆ ಬೀಳುವ ಹಣಕ್ಕೆ ‘ಕಂದಾಯ ಕೊರತೆ’ ಎಂದೂ ಹೆಸರು. ನಮ್ಮ ಊರುಗಳಲ್ಲಿ ಜಾತ್ರೆಗೆ ಪಟ್ಟಿ ಎತ್ತುವ ಮೊದಲು ಹಿರಿಯರು ಕೂತು, ಹೋದ ವರ್ಷ ಎಷ್ಟು ಕೂಡಿತು, ಎಷ್ಟು ಖರ್ಚಾಯಿತು, ಈ ವರ್ಷ ತೇರಿಗೆ ಎಷ್ಟು, ದಾಸೋಹಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ಮನೆಗೆ ಇಷ್ಟು ಎಂದು ಗೊತ್ತುಮಾಡುತ್ತಾರಲ್ಲ, ದರ ನಿಗದಿಯ ಲೆಕ್ಕದ ಹಂದರವೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಪಟ್ಟಿ ಎತ್ತುವವರೇ ಮೊತ್ತವನ್ನು ಗೊತ್ತುಮಾಡುವಂತಿಲ್ಲ; ಅವರು ಕೇಳಬಹುದು, ಮೂರನೆಯವರು ತೀರ್ಮಾನಿಸುತ್ತಾರೆ.

ಕಂಪನಿಯ ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ ಖರೀದಿಗೆ ಹೋಗುತ್ತದೆ. ಉಳಿದದ್ದು ಸಾಗಣೆ ಶುಲ್ಕ, ಸಿಬ್ಬಂದಿಯ ಸಂಬಳ, ದುರಸ್ತಿ, ಸಾಲದ ಬಡ್ಡಿ, ಸವಕಳಿ ಮುಂತಾದವು. ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700 ಮೆಗಾವಾಟ್, ಯರಮರಸಿನಲ್ಲಿ 1600 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರಗಳಿದ್ದರೂ, ಬೂದಿ ನಮ್ಮ ಕಡೆಗೇ ಬೀಳುತ್ತದೆ ಎಂಬ ಕಾರಣಕ್ಕೆ ನಮ್ಮ ಜಿಲ್ಲೆಗಳ ದರ ಇಳಿಯುವುದಿಲ್ಲ. ಆ ಕೇಂದ್ರಗಳ ವಿದ್ಯುತ್ ರಾಜ್ಯದ ಜಾಲಕ್ಕೆ ಸೇರಿ ಎಲ್ಲ ವಿತರಣಾ ಕಂಪನಿಗಳಿಗೂ ಹಂಚಿಕೆಯಾಗುತ್ತದೆ. ಅವುಗಳಿಂದ ಕೊಳ್ಳುವ ವಿದ್ಯುತ್ತಿನ ಬೆಲೆ ಪ್ರತ್ಯೇಕ ಅರ್ಜಿಗಳಲ್ಲಿ ತೀರ್ಮಾನವಾಗಿ, ಜೆಸ್ಕಾಂ ಅರ್ಜಿಗೆ ಖರ್ಚಿನ ಬಾಬ್ತಾಗಿ ಬಂದು ಸೇರುತ್ತದೆ.

ಕಾಯ್ದೆಯ 64ನೇ ಕಲಂ ಈ ಇಡೀ ಪ್ರಕ್ರಿಯೆಗೆ ಚೌಕಟ್ಟು ಹಾಕಿದೆ. ಅರ್ಜಿದಾರ ಕಂಪನಿ ತನ್ನ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಪತ್ರಿಕೆಗಳಲ್ಲಿ ಸಣ್ಣ ಅಕ್ಷರದ ಕೋಷ್ಟಕಗಳೊಂದಿಗೆ ಬರುವ ಪ್ರಕಟಣೆ ಇದೇ. ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಿ, ಅರ್ಜಿ ತಲುಪಿದ 120 ದಿನಗಳೊಳಗೆ ಆಯೋಗ ಆದೇಶ ಹೊರಡಿಸಬೇಕು. ಅರ್ಜಿಯನ್ನು ಮಾರ್ಪಡಿಸಿ ಒಪ್ಪಬಹುದು, ಅಥವಾ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟು ತಿರಸ್ಕರಿಸಬಹುದು. ತಿರಸ್ಕರಿಸುವ ಮೊದಲು ಅರ್ಜಿದಾರರಿಗೂ ಮಾತಾಡಲು ಅವಕಾಶ ಕೊಡಬೇಕು. ಹೊಸ ದರ ಏಪ್ರಿಲ್ 1ರಿಂದ ಜಾರಿಯಾಗಬೇಕೆಂದರೆ ಅರ್ಜಿ ಹಿಂದಿನ ನವೆಂಬರ್ ಕೊನೆಯೊಳಗೆ ಆಯೋಗದ ಕೈಸೇರಬೇಕು ಎಂಬ ಲೆಕ್ಕ ಈ 120 ದಿನಗಳಿಂದಲೇ ಹುಟ್ಟಿದ್ದು.

ಸಾರ್ವಜನಿಕ ವಿಚಾರಣೆಯ ದಿನ

ಆಯೋಗದ ಕಚೇರಿ ಬೆಂಗಳೂರಿನ ವಸಂತನಗರದಲ್ಲಿದ್ದರೂ, ದರ ಅರ್ಜಿಗಳ ಸಾರ್ವಜನಿಕ ವಿಚಾರಣೆಗೆ ಆಯೋಗವೇ ಕಂಪನಿಯ ವ್ಯಾಪ್ತಿಗೆ ಬರುತ್ತದೆ. ಜೆಸ್ಕಾಂ ಅರ್ಜಿಯ ವಿಚಾರಣೆ ಸಾಮಾನ್ಯವಾಗಿ ಕಲಬುರಗಿಯಲ್ಲಿ ನಡೆಯುತ್ತದೆ. ಬಳ್ಳಾರಿಯವರಿಗೆ ಅದೇನೂ ಹತ್ತಿರದ ಊರಲ್ಲ, ದಿನದ ಕೆಲಸ ಬಿಟ್ಟು ಹೋಗಬೇಕಾದ ಪ್ರಯಾಣ. ಉದ್ಯಮಗಳ ಸಂಘಗಳು ತಪ್ಪದೆ ಹಾಜರಾಗಿ ಒಂದು ಪಂಪ್‌ಸೆಟ್ಟಿನ ರೈತ ಹಾಜರಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನಗನ್ನಿಸುತ್ತದೆ.

ವಿಚಾರಣೆಯ ಕ್ರಮ ಸರಳವಾಗಿದೆ. ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷರು ಮತ್ತು ಸದಸ್ಯರು, ಒಂದು ಬದಿಗೆ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ಮತ್ತು ಎಂಜಿನಿಯರುಗಳು, ಎದುರಿಗೆ ಆಕ್ಷೇಪಣೆ ಸಲ್ಲಿಸಿದವರು ಮತ್ತು ಇತರ ಸಾರ್ವಜನಿಕರು ಕೂರುತ್ತಾರೆ. ಮೊದಲು ಕಂಪನಿ ತನ್ನ ಅರ್ಜಿಯನ್ನು ವಿವರಿಸುತ್ತದೆ. ನಂತರ, ಮೊದಲೇ ಲಿಖಿತ ಆಕ್ಷೇಪಣೆ ಕೊಟ್ಟವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಸಮಯವಿದ್ದರೆ ಸಭೆಯಲ್ಲಿರುವ ಬೇರೆಯವರಿಗೂ ಅವಕಾಶ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು, ವಕೀಲರೂ ಬೇಕಿಲ್ಲ. ಗ್ರಾಹಕರ ಹಿತವನ್ನು ಪ್ರತಿನಿಧಿಸಲು ಸೂಕ್ತರೆನಿಸಿದ ಯಾರನ್ನಾದರೂ ಆಯೋಗವೇ ಅಧಿಕೃತವಾಗಿ ನೇಮಿಸಲು 94ನೇ ಕಲಮಿನ 3ನೇ ಉಪಕಲಂ ಅವಕಾಶ ಕೊಟ್ಟಿದೆ.

ಲಿಖಿತ ಆಕ್ಷೇಪಣೆಗೆ ಬಾಯಿಮಾತಿಗಿಂತ ತೂಕ ಹೆಚ್ಚು. ಬರೆದು ಕೊಟ್ಟ ಆಕ್ಷೇಪಣೆಗೆ ಕಂಪನಿ ಬರವಣಿಗೆಯಲ್ಲೇ ಉತ್ತರ ಕೊಡಬೇಕಾಗುತ್ತದೆ, ಮತ್ತು ಆಯೋಗದ ಆದೇಶದಲ್ಲಿ ಆ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ದಾಖಲಾಗುತ್ತವೆ. “ದರ ಏರಿಸಬೇಡಿ, ಬಡವರಿಗೆ ಹೊರೆಯಾಗುತ್ತದೆ” ಎಂಬ ಮಾತಿಗೆ ಕಂಪನಿ ಸುಲಭವಾಗಿ ಉತ್ತರಿಸಿಬಿಡುತ್ತದೆ. “ನಿಮ್ಮ ಅರ್ಜಿಯ ಇಂಥ ಕೋಷ್ಟಕದಲ್ಲಿ ತೋರಿಸಿದ ದುರಸ್ತಿ ಖರ್ಚು ಹಿಂದಿನ ವರ್ಷಕ್ಕಿಂತ ಇಷ್ಟು ಏರಿದ್ದೇಕೆ, ಎಷ್ಟು ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಯಿಸಿದ್ದೀರಿ” ಎಂದು ಕೇಳಿದರೆ ಅಂಕಿ ಅಂಶ ತೆಗೆದು ತೋರಿಸದೆ ಗತ್ಯಂತರವಿಲ್ಲ.

ಲಕ್ಷಾಂತರ ಗ್ರಾಹಕರಿರುವಾಗ ಎಲ್ಲರ ಮಾತನ್ನೂ ಕೇಳಬೇಕೇ ಎಂಬ ಪ್ರಶ್ನೆ 2002ರಲ್ಲಿ ಪಶ್ಚಿಮ ಬಂಗಾಳದ ಆಯೋಗ ಮತ್ತು ಕೋಲ್ಕತ್ತಾದ ವಿದ್ಯುತ್ ಕಂಪನಿ ಸಿಇಎಸ್‌ಸಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ದರ ನಿಗದಿಯಲ್ಲಿ ತಮ್ಮ ಮಾತು ಹೇಳುವ ಹಕ್ಕು ಗ್ರಾಹಕರಿಗೆ ಕಾನೂನಿನಿಂದಲೇ ಬಂದಿದೆ, ಆದರೆ ಅದು ಅಂಕೆಯಿಲ್ಲದ ಹಕ್ಕಲ್ಲ, ಯಾರನ್ನು ಹೇಗೆ ಕೇಳಬೇಕೆಂಬುದನ್ನು ಆಯೋಗ ನಿಯಮಗಳ ಮೂಲಕ ಕ್ರಮಪಡಿಸಬಹುದು ಎಂದು ನ್ಯಾಯಾಲಯ ಹೇಳಿತು. ಇವತ್ತಿಗೂ ಸಾರ್ವಜನಿಕ ವಿಚಾರಣೆಗಳು ಈ ಸಮತೋಲನದ ಮೇಲೆಯೇ ನಡೆಯುತ್ತಿವೆ.

ಇನ್ನೊಂದು ಬಗೆಯ ವಿಚಾರಣೆ

ಆಯೋಗದ ಮುಂದೆ ನಡೆಯುವುದೆಲ್ಲ ಇಂತಹ ತೆರೆದ ಸಭೆಯಲ್ಲ. ವಿದ್ಯುತ್ ಉತ್ಪಾದಿಸುವ ಕಂಪನಿಗೂ ವಿತರಣಾ ಕಂಪನಿಗೂ ಖರೀದಿ ಒಪ್ಪಂದದ ಬಗ್ಗೆ ಜಗಳ ಬಂದರೆ, ಉದಾಹರಣೆಗೆ ಕೊಪ್ಪಳದ ಬಯಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ ಕಂಪನಿಯೊಂದು ತನಗೆ ಬರಬೇಕಾದ ಹಣ ಬಂದಿಲ್ಲವೆಂದು ದೂರಿದರೆ, 86ನೇ ಕಲಮಿನ ಪ್ರಕಾರ ಅದನ್ನು ಆಯೋಗವೇ ಇತ್ಯರ್ಥಪಡಿಸಬೇಕು ಅಥವಾ ಪಂಚಾಯ್ತಿದಾರರಿಗೆ ಒಪ್ಪಿಸಬೇಕು. ಆಗ ಬೆಂಗಳೂರಿನ ಕಚೇರಿಯಲ್ಲಿ ಅರ್ಜಿದಾರರು, ಎದುರುದಾರರು, ವಕೀಲರು, ದಾಖಲೆಗಳು ಎಲ್ಲ ಸೇರಿ ವಿಚಾರಣೆ ಸಿವಿಲ್ ನ್ಯಾಯಾಲಯದ ಕಲಾಪವನ್ನೇ ಹೋಲುತ್ತದೆ. ಸಾಕ್ಷಿಯನ್ನು ಕರೆಸುವುದು, ಪಾಟೀಸವಾಲು ಮಾಡುವುದು ಮುಂತಾದ ಪ್ರಶ್ನೆಗಳು ಏಳುವುದು ಹೆಚ್ಚಾಗಿ ಇಲ್ಲಿ. ದರದ ಸಾರ್ವಜನಿಕ ವಿಚಾರಣೆಯಲ್ಲಿ ಗ್ರಾಹಕರು ಕಂಪನಿಯ ಅಧಿಕಾರಿಯನ್ನು ನಿಲ್ಲಿಸಿ ಪಾಟೀಸವಾಲು ಮಾಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಪ್ರಶ್ನೆ ಅಧ್ಯಕ್ಷರ ಮೂಲಕ ಹೋಗುತ್ತದೆ, ಅಥವಾ ಆಯೋಗವೇ ಅದನ್ನು ಎತ್ತಿಕೊಂಡು ಕೇಳುತ್ತದೆ.

ಸಾಕ್ಷಿ ಹೇಳಿಸುವ ಅಧಿಕಾರ

ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಏನು? ವಿದ್ಯುಚ್ಛಕ್ತಿ ಕಾಯ್ದೆಯ 94ನೇ ಕಲಂ ಇದಕ್ಕೆ ಉತ್ತರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ ಸಿವಿಲ್ ನ್ಯಾಯಾಲಯಕ್ಕಿರುವ ಕೆಲವು ಅಧಿಕಾರಗಳನ್ನು ಆ ಕಲಂ ಆಯೋಗಕ್ಕೆ ನೇರವಾಗಿ ಕೊಟ್ಟಿದೆ. ಯಾವುದೇ ವ್ಯಕ್ತಿಗೆ ಸಮನ್ಸ್ ಕಳಿಸಿ ಹಾಜರಾಗುವಂತೆ ಮಾಡಬಹುದು, ಪ್ರಮಾಣವಚನ ಬೋಧಿಸಿ ವಿಚಾರಿಸಬಹುದು. ಸಾಕ್ಷ್ಯವಾಗಬಲ್ಲ ದಾಖಲೆ ಅಥವಾ ವಸ್ತುವನ್ನು ಹಾಜರುಪಡಿಸಲು ಹೇಳಬಹುದು. ಪ್ರಮಾಣಪತ್ರದ, ಅಂದರೆ ಅಫಿಡವಿಟ್ಟಿನ ಮೂಲಕ ಸಾಕ್ಷ್ಯ ಪಡೆಯಬಹುದು. ಸರ್ಕಾರಿ ದಾಖಲೆಯನ್ನು ತರಿಸಿಕೊಳ್ಳಬಹುದು. ಸಾಕ್ಷಿ ಬರಲಾಗದ ಸ್ಥಿತಿಯಲ್ಲಿದ್ದರೆ ಅವರಿರುವಲ್ಲಿಗೇ ಕಮಿಷನರನ್ನು ಕಳಿಸಿ ಹೇಳಿಕೆ ಬರೆಸಿಕೊಳ್ಳಬಹುದು.

ಇಲ್ಲಿ ‘ಯಾವುದೇ ವ್ಯಕ್ತಿ’ ಎಂದಿರುವುದನ್ನು ಗಮನಿಸಬೇಕು. ಕರೆಸಬಹುದಾದವರು ಕಂಪನಿಯ ನೌಕರರಷ್ಟೇ ಅಲ್ಲ. ಕಾಮಗಾರಿ ಮಾಡಿದ ಗುತ್ತಿಗೆದಾರ, ಲೆಕ್ಕ ತಪಾಸಣೆ ಮಾಡಿದ ಲೆಕ್ಕಪರಿಶೋಧಕ, ಮೀಟರ್ ಪೂರೈಸಿದ ಸಂಸ್ಥೆಯವರು, ವಿವಾದಕ್ಕೆ ಸಂಬಂಧಪಟ್ಟ ಯಾರೇ ಆಗಲಿ ಸಮನ್ಸ್ ವ್ಯಾಪ್ತಿಗೆ ಬರುತ್ತಾರೆ. ಬರೀ ದಾಖಲೆ ತರಲು ಕರೆದಿದ್ದರೆ, ತಾವೇ ಬರದೆ ಬೇರೆಯವರ ಮೂಲಕ ಅದನ್ನು ಕಳಿಸಿಕೊಟ್ಟರೂ ಸಾಕು ಎಂದು ಸಂಹಿತೆ ಹೇಳುತ್ತದೆ. ಪಕ್ಷಗಾರರೊಬ್ಬರ ಕೋರಿಕೆಯ ಮೇಲೆ ಸಾಕ್ಷಿಯನ್ನು ಕರೆಸಿದರೆ, ಆ ಸಾಕ್ಷಿಯ ಪ್ರಯಾಣದ ಖರ್ಚನ್ನೂ ಭತ್ಯೆಯನ್ನೂ ಕೋರಿದವರೇ ಮೊದಲು ಕಟ್ಟಬೇಕೆಂಬುದೂ ಅದರದೇ ನಿಯಮ.

ಸಮನ್ಸ್ ಮುಟ್ಟಿದ ಮೇಲೂ ಬಾರದವರಿಗೆ ಸಂಹಿತೆಯ 32ನೇ ಕಲಮಿನಲ್ಲಿ ನಾಲ್ಕು ದಾರಿಗಳಿವೆ: ಬಂಧನದ ವಾರಂಟ್ ಹೊರಡಿಸುವುದು, ಆಸ್ತಿಯನ್ನು ಜಪ್ತಿ ಮಾಡಿ ಮಾರುವುದು, 5000 ರೂಪಾಯಿವರೆಗೆ ದಂಡ ಹಾಕುವುದು, ಹಾಜರಾಗುವುದಕ್ಕೆ ಜಾಮೀನು ಕೇಳಿ ಕೊಡದಿದ್ದರೆ ಸಿವಿಲ್ ಬಂದೀಖಾನೆಗೆ ಕಳಿಸುವುದು. ಓದುವಾಗ ಇವು ಭಯ ಹುಟ್ಟಿಸುತ್ತವೆ. ಆದರೆ ಯಾವುದೂ ಮೊದಲ ಹೆಜ್ಜೆಯಲ್ಲ. ಸಮನ್ಸ್ ಸರಿಯಾಗಿ ಜಾರಿಯಾಗಿದೆಯೇ, ಬಾರದಿರಲು ನ್ಯಾಯವಾದ ಕಾರಣವಿತ್ತೇ, ಆ ವ್ಯಕ್ತಿಯ ಸಾಕ್ಷ್ಯ ನಿಜಕ್ಕೂ ಮುಖ್ಯವೇ ಎಂಬುದು ಖಾತ್ರಿಯಾದ ಮೇಲಷ್ಟೇ ಇವುಗಳ ಮಾತು.

ಬಂದವರು ಸುಳ್ಳು ಹೇಳಿದರೆ 95ನೇ ಕಲಂ ಮುಂದೆ ಬರುತ್ತದೆ. ಆಯೋಗದ ಕಲಾಪಗಳನ್ನು ಭಾರತೀಯ ದಂಡ ಸಂಹಿತೆಯ 193 ಮತ್ತು 228ನೇ ಕಲಮುಗಳ ಉದ್ದೇಶಕ್ಕೆ ನ್ಯಾಯಾಂಗ ಕಲಾಪಗಳೆಂದೇ ಭಾವಿಸಬೇಕೆಂದು ಅದು ಹೇಳುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಅವುಗಳಿಗೆ ಸಮನಾದವು ಈಗ 229 ಮತ್ತು 267ನೇ ಕಲಮುಗಳು. ಮೊದಲನೆಯದು ಸುಳ್ಳು ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ನ್ಯಾಯಾಂಗ ಕಲಾಪದಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಎರಡನೆಯದು ಕಲಾಪ ನಡೆಸುವವರನ್ನು ಬೇಕೆಂದೇ ಅವಮಾನಿಸುವುದಕ್ಕೆ ಅಥವಾ ಅವರಿಗೆ ಅಡ್ಡಿಪಡಿಸುವುದಕ್ಕೆ ಸಂಬಂಧಿಸಿದ್ದು. ಅಫಿಡವಿಟ್‌ಗೆ ತೂಕ ಬರುವುದು ಈ ಕಾರಣದಿಂದ. ಕಂಪನಿಯ ಅಧಿಕಾರಿ ಸಭೆಯಲ್ಲಿ ಸಹಜವಾಗಿ ಹೇಳಿದ ಅಂಕಿ ತಪ್ಪಾದರೆ “ಕಣ್ತಪ್ಪಾಯಿತು” ಎನ್ನಬಹುದು. ಪ್ರಮಾಣ ಮಾಡಿ ಸಹಿ ಹಾಕಿದ ಅಂಕಿ ಸುಳ್ಳೆಂದು ಗೊತ್ತಿದ್ದೇ ಕೊಟ್ಟದ್ದಾಗಿದ್ದರೆ ಅದು ಅಪರಾಧ.

ದಾಖಲೆ ಮುಚ್ಚಿಟ್ಟಿರುವ ಶಂಕೆಯಿದ್ದರೆ ಇನ್ನೂ ಗಟ್ಟಿಯಾದ ಅಧಿಕಾರವಿದೆ. 96ನೇ ಕಲಮಿನಡಿ ಆಯೋಗ, ಅಥವಾ ಅದು ವಿಶೇಷವಾಗಿ ಅಧಿಕಾರ ಕೊಟ್ಟ ಗೆಜೆಟೆಡ್ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ, ದಾಖಲೆ ಸಿಗಬಹುದೆಂದು ನಂಬಲು ಕಾರಣವಿರುವ ಕಟ್ಟಡವನ್ನು ಪ್ರವೇಶಿಸಿ ಅದನ್ನು ವಶಪಡಿಸಿಕೊಳ್ಳಬಹುದು ಅಥವಾ ನಕಲು ಮಾಡಿಕೊಳ್ಳಬಹುದು. ಕಂಪನಿ ತನ್ನ ಪರವಾನಗಿಯ ಷರತ್ತು ಮುರಿದಿದೆ ಎಂದು ಮನದಟ್ಟಾದರೆ 128ನೇ ಕಲಮಿನಡಿ ತನಿಖಾ ಪ್ರಾಧಿಕಾರಿಯನ್ನು ನೇಮಿಸಬಹುದು. ಅವರೂ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಿಂದ ಹಿಡಿದು ಯಾವ ಅಧಿಕಾರಿಯನ್ನಾದರೂ ಪ್ರಮಾಣವಚನದ ಮೇಲೆ ವಿಚಾರಿಸಬಲ್ಲರು. ಆಯೋಗದ ನಿರ್ದೇಶನವನ್ನು ಪಾಲಿಸದವರಿಗೆ 142ನೇ ಕಲಮಿನಡಿ ಪ್ರತಿ ಉಲ್ಲಂಘನೆಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ, ಉಲ್ಲಂಘನೆ ಮುಂದುವರಿದರೆ ದಿನಕ್ಕೆ 6000 ರೂಪಾಯಿವರೆಗೆ ಹೆಚ್ಚುವರಿ.

ಅಮೆರಿಕದಲ್ಲಿ ಬೇರೆ ದಾರಿ

ಸೇವಾ ನಿಯಂತ್ರಣದ ಆಯೋಗ ಎಂಬ ಕಲ್ಪನೆ ಬೆಳೆದದ್ದು ಬಹುಮಟ್ಟಿಗೆ ಅಮೆರಿಕದಲ್ಲಿ. 1887ರಲ್ಲಿ ರೈಲ್ವೆ ದರಗಳಿಗಾಗಿ ಅಂತರರಾಜ್ಯ ವಾಣಿಜ್ಯ ಆಯೋಗ ಬಂತು; 1907ರಲ್ಲಿ ನ್ಯೂಯಾರ್ಕ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳು ವಿದ್ಯುತ್, ಅನಿಲ ಮುಂತಾದ ಸೇವೆಗಳನ್ನು ಆಯೋಗದ ಹಿಡಿತಕ್ಕೆ ತಂದವು. ಅಲ್ಲಿನ ದರ ಪ್ರಕರಣಗಳಲ್ಲಿ ಕಂಪನಿಯ ಸಾಕ್ಷಿಗಳು ತಮ್ಮ ಹೇಳಿಕೆಯನ್ನು ಪ್ರಶ್ನೋತ್ತರದ ರೂಪದಲ್ಲಿ ಮೊದಲೇ ಬರೆದು ಸಲ್ಲಿಸುತ್ತಾರೆ. ಆಮೇಲೆ ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ಎದುರು ಪಕ್ಷದವರು ಅವರನ್ನು ಪಾಟೀಸವಾಲಿಗೆ ಒಳಪಡಿಸುತ್ತಾರೆ. ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಬೇರೆಯೇ ನಡೆಯುತ್ತದೆ.

ಬಲವಂತದ ವಿಷಯದಲ್ಲಿ ಮಾತ್ರ ಅಲ್ಲಿನ ಆಯೋಗಗಳ ಕೈ ನಮ್ಮಲ್ಲಿಯಷ್ಟು ಉದ್ದವಿಲ್ಲ. ಅವು ಸಮನ್ಸ್ ಹೊರಡಿಸುತ್ತವೆ. ಪಾಲಿಸದಿದ್ದರೆ ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಹೋಗಿ ಅಲ್ಲಿಂದ ಆದೇಶ ತರಬೇಕು, ಆ ಆದೇಶವನ್ನೂ ಮೀರಿದರೆ ಅದು ನ್ಯಾಯಾಂಗ ನಿಂದನೆಯಾಗುತ್ತದೆ. ಹೀಗೆ ಆಯೋಗವೊಂದು ನ್ಯಾಯಾಲಯದ ನೆರವು ಪಡೆದು ಸಾಕ್ಷಿಯನ್ನು ಕರೆಸುವುದು ಸಂವಿಧಾನಬದ್ಧವೇ ಎಂಬ ಪ್ರಶ್ನೆಗೆ ಅಲ್ಲಿನ ಸುಪ್ರೀಂ ಕೋರ್ಟ್ 1894ರ ಬ್ರಿಮ್ಸನ್ ಪ್ರಕರಣದಲ್ಲಿ ಹೌದೆಂದಿತು. ನಮ್ಮ ಸಂಸತ್ತು ಆ ನಡುವಿನ ಮೆಟ್ಟಿಲನ್ನು ತೆಗೆದುಹಾಕಿ, ಸಿವಿಲ್ ನ್ಯಾಯಾಲಯದ ಅಧಿಕಾರವನ್ನೇ ಆಯೋಗದ ಕೈಗಿತ್ತಿದೆ.

ಸಮನ್ಸ್ ಇಲ್ಲದೆಯೂ ಬಾಯಿ ಬಿಡಿಸುವ ಬಗೆ

ಇಷ್ಟೆಲ್ಲ ಅಧಿಕಾರವಿದ್ದೂ ದರ ವಿಚಾರಣೆಗಳಲ್ಲಿ ವಾರಂಟ್ ಹೊರಡುವ ಸಂದರ್ಭ ಬರುವುದು ಕಷ್ಟ. ಅದಕ್ಕೆ ಕಾರಣ ಸರಳ: ದರ ಬೇಕೆಂದು ಕೇಳಿ ಬಂದದ್ದು ಕಂಪನಿ, ಆದ್ದರಿಂದ ರುಜುವಾತಿನ ಹೊರೆಯೂ ಅದರದೇ. ದಾಖಲೆ ಕೊಡದಿದ್ದರೆ ಆಯೋಗ ಯಾರನ್ನೂ ಬಂಧಿಸಬೇಕಿಲ್ಲ, ಆ ಖರ್ಚನ್ನು ಒಪ್ಪದೆ ಬಿಟ್ಟರಾಯಿತು. ಒಪ್ಪದೆ ಬಿಟ್ಟ ಹಣವನ್ನು ಕಂಪನಿ ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಆಯೋಗದ ಬತ್ತಳಿಕೆಯಲ್ಲಿ ಅತ್ಯಂತ ಹರಿತವಾದ ಬಾಣ ಇದೇ, ಮತ್ತು ಆಕ್ಷೇಪಣೆ ಬರೆಯುವವರು ಗುರಿಯಿಡಬೇಕಾದದ್ದೂ ಇಲ್ಲಿಗೇ.

ನಮ್ಮ ಭಾಗಕ್ಕೆ ಹತ್ತಿರವಾದ ಉದಾಹರಣೆ ಪಂಪ್‌ಸೆಟ್ಟುಗಳದ್ದು. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಅದರ ಹಣವನ್ನು ಆಯೋಗ ನಿಗದಿಪಡಿಸಿದ ದರದಲ್ಲಿ ಸರ್ಕಾರ ಕಂಪನಿಗೆ ಕೊಡುತ್ತದೆ. ಹೆಚ್ಚಿನ ಪಂಪ್‌ಸೆಟ್ಟುಗಳಿಗೆ ಮೀಟರ್ ಇಲ್ಲದಿರುವುದರಿಂದ ಅವು ಎಷ್ಟು ಯೂನಿಟ್ ಬಳಸಿದವು ಎಂಬುದು ಅಂದಾಜಿನ ಲೆಕ್ಕ. ಒಂದು ಫೀಡರಿಗೆ, ಅಂದರೆ ಉಪಕೇಂದ್ರದಿಂದ ಹೊರಡುವ ತಂತಿಮಾರ್ಗಕ್ಕೆ, 100 ಯೂನಿಟ್ ಹರಿದಿದೆ, ಮೀಟರ್ ಇರುವ ಗ್ರಾಹಕರಿಗೆ ಬಿಲ್ಲಾದದ್ದು 60 ಯೂನಿಟ್ ಎಂದುಕೊಳ್ಳೋಣ. ಉಳಿದ 40ರಲ್ಲಿ ಪಂಪ್‌ಸೆಟ್ಟುಗಳದ್ದು ಎಷ್ಟು, ತಂತಿಯಲ್ಲಿ ಸೋರಿದ್ದು ಮತ್ತು ಕಳವಾದದ್ದು ಎಷ್ಟು? ಪಂಪ್‌ಸೆಟ್ಟುಗಳದ್ದು 30 ಎಂದರೆ ವಿತರಣಾ ನಷ್ಟ 10ಕ್ಕೆ ಇಳಿಯುತ್ತದೆ. 20 ಎಂದರೆ ನಷ್ಟ ಇಮ್ಮಡಿಯಾಗುತ್ತದೆ. ಕಂಪನಿಗೆ ಮೊದಲ ಲೆಕ್ಕ ಹಿತ, ಏಕೆಂದರೆ ಆಯೋಗ ಹಾಕಿದ ಮಿತಿಗಿಂತ ನಷ್ಟ ಹೆಚ್ಚಾದರೆ ಅದರ ಹೊರೆಯನ್ನು ಕಂಪನಿಯೇ ಹೊರಬೇಕಾಗಬಹುದು. ರೈತರ ಹೆಸರಿನಲ್ಲಿ ಬರೆದ ಯೂನಿಟ್ಟುಗಳಿಗಾದರೆ ಸರ್ಕಾರದಿಂದ ಹಣ ಬರುತ್ತದೆ.

ಈ ಅಂದಾಜನ್ನು ಪರೀಕ್ಷಿಸುವುದು ಹೇಗೆ ಎಂಬುದೇ ವರ್ಷಗಳಿಂದ ವಿಚಾರಣೆಗಳಲ್ಲಿ ಎದ್ದು ಕಾಣುವ ಪ್ರಶ್ನೆ. ಪಂಪ್‌ಸೆಟ್ಟುಗಳಿಗೆ ಪ್ರತ್ಯೇಕ ಫೀಡರ್ ಮಾಡಿ ಆ ಫೀಡರಿನ ಮೀಟರ್ ರೀಡಿಂಗ್ ಕೊಡಿ ಎಂದು, ಪ್ರತಿ ಪಂಪ್‌ಸೆಟ್ಟನ್ನೂ ಜಿಪಿಎಸ್ ಮೂಲಕ ಗುರುತಿಸಿ ಬತ್ತಿದ ಬಾವಿಗಳದ್ದನ್ನೂ ಚಾಲ್ತಿಯಲ್ಲಿಲ್ಲದ್ದನ್ನೂ ಪಟ್ಟಿಯಿಂದ ತೆಗೆಯಿರಿ ಎಂದು ಆಯೋಗ ವಿತರಣಾ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಪ್ರತಿ ವಿಚಾರಣೆಯಲ್ಲೂ ಹಿಂದಿನ ನಿರ್ದೇಶನ ಎಷ್ಟರ ಮಟ್ಟಿಗೆ ಪಾಲನೆಯಾಯಿತು ಎಂದು ಕೇಳುತ್ತದೆ, ಆ ಉತ್ತರ ಆದೇಶದಲ್ಲಿ ದಾಖಲಾಗುತ್ತದೆ. ಊರಿನಲ್ಲಿ ಎಷ್ಟು ಪಂಪ್‌ಸೆಟ್ಟುಗಳು ನಿಜವಾಗಿ ಓಡುತ್ತಿವೆ, ಮೂರು ಫೇಸ್ ಕರೆಂಟು ದಿನಕ್ಕೆ ಎಷ್ಟು ತಾಸು ಇರುತ್ತದೆ ಎಂಬುದನ್ನು ರೈತರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅಷ್ಟನ್ನು ಫೀಡರಿನ ಹೆಸರಿನೊಂದಿಗೆ ಬರೆದು ಕೊಟ್ಟರೂ ಅದು ಅಂಕಿಗೆ ಎದುರಾಗಿ ನಿಲ್ಲುವ ಸಾಕ್ಷ್ಯವಾಗುತ್ತದೆ.

ಸಬ್ಸಿಡಿಯ ಬಗ್ಗೆ ಒಂದು ಮಾತು. ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬೇಕೆಂದು ಸರ್ಕಾರ ಬಯಸಿದರೆ 65ನೇ ಕಲಮಿನ ಪ್ರಕಾರ ಆ ಹಣವನ್ನು ಮುಂಗಡವಾಗಿ ಕೊಡಬೇಕು. ಕೊಡದಿದ್ದರೆ ಆಯೋಗ ನಿಗದಿಪಡಿಸಿದ ದರವೇ ಅನ್ವಯವಾಗುತ್ತದೆ. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿ, ಪಂಪ್‌ಸೆಟ್ಟುಗಳ ಉಚಿತ ವಿದ್ಯುತ್ ಇವೆಲ್ಲ ಸರ್ಕಾರದ ತೀರ್ಮಾನಗಳು. ದರ ವಿಚಾರಣೆಯಲ್ಲಿ ಅವುಗಳನ್ನು ಕೊಡಿ ಅಥವಾ ನಿಲ್ಲಿಸಿ ಎಂದು ಕೇಳಿ ಫಲವಿಲ್ಲ.

ಸ್ವಂತ ಬಿಲ್ಲಿನ ತಕರಾರು ಎಲ್ಲಿಗೆ

ಸಾರ್ವಜನಿಕ ವಿಚಾರಣೆಗೆ ಬರುವ ಅನೇಕರ ಕೈಯಲ್ಲಿ ತಮ್ಮ ಮನೆಯದೋ ಹೊಲದ್ದೋ ಬಿಲ್ಲು ಇರುತ್ತದೆ. ಅಹವಾಲು ನ್ಯಾಯವಾದದ್ದೇ ಇರಬಹುದು, ಆದರೆ ಅದಕ್ಕೆ ಈ ವೇದಿಕೆಯಲ್ಲಿ ತೀರ್ಪು ಸಿಗುವುದಿಲ್ಲ. ತಪ್ಪು ಬಿಲ್ಲು, ಸುಟ್ಟ ಟಿಸಿ ಬದಲಾಯಿಸದಿರುವುದು, ಮೀಟರ್ ದೋಷ ಮುಂತಾದವಕ್ಕೆ ಮೊದಲು ಉಪವಿಭಾಗದ ಕಚೇರಿ ಅಥವಾ 1912 ಸಹಾಯವಾಣಿ, ನಂತರ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಸಮಾಧಾನವಾಗದಿದ್ದರೆ ಆಯೋಗ ನೇಮಿಸಿದ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಅನಧಿಕೃತ ಬಳಕೆ ಎಂದು 126ನೇ ಕಲಮಿನಡಿ ಹಾಕಿದ ಬಿಲ್ಲಿಗೆ ದಾರಿಯೇ ಬೇರೆ: ಅಂತಿಮ ಆದೇಶ ಬಂದ 30 ದಿನಗಳೊಳಗೆ, ಅರ್ಧ ಹಣ ಕಟ್ಟಿ, ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು.

ಒಂದು ಪ್ರಕರಣ ಮಾತ್ರ ಆಯೋಗದವರೆಗೆ ಹೋಗಬಲ್ಲದು. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿದವರಿಗೆ ಕಾಲಮಿತಿಯೊಳಗೆ ವಿದ್ಯುತ್ ಕೊಡಬೇಕೆಂದು 43ನೇ ಕಲಂ ಹೇಳುತ್ತದೆ. ತಪ್ಪಿದರೆ ದಿನಕ್ಕೆ 1000 ರೂಪಾಯಿವರೆಗೆ ದಂಡ ಬೀಳಬಹುದು. ಇದರ ವಿಚಾರಣೆಗೆ ಆಯೋಗ ತನ್ನ ಸದಸ್ಯರಲ್ಲೊಬ್ಬರನ್ನು ನ್ಯಾಯನಿರ್ಣಯಾಧಿಕಾರಿಯಾಗಿ ನೇಮಿಸುತ್ತದೆ, ಅವರಿಗೂ ಸಂಗತಿ ಬಲ್ಲವರನ್ನು ಸಮನ್ಸ್ ಕೊಟ್ಟು ಕರೆಸುವ ಅಧಿಕಾರವಿದೆ.

ಆದೇಶ ಬಂದ ಮೇಲೆ

ದರ ಆದೇಶ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ನೂರಾರು ಪುಟಗಳ ಅದನ್ನು ಪೂರ್ತಿ ಓದಬೇಕಿಲ್ಲ. ಆಕ್ಷೇಪಣೆಗಳ ಭಾಗ, ಹಿಂದಿನ ನಿರ್ದೇಶನಗಳ ಪಾಲನೆಯ ಭಾಗ, ಕೊನೆಯ ದರಪಟ್ಟಿ ಇಷ್ಟು ನೋಡಿದರೆ ಸಾರ ಸಿಕ್ಕಿಬಿಡುತ್ತದೆ. ಆದೇಶದಲ್ಲಿ ಕಣ್ಣಿಗೆ ರಾಚುವ ತಪ್ಪು ಉಳಿದಿದ್ದರೆ ಮರುಪರಿಶೀಲನೆ ಕೋರಬಹುದು. ಅದೂ 94ನೇ ಕಲಮಿನಲ್ಲಿ ಬರುವ ಅಧಿಕಾರವೇ. ಆದೇಶದಿಂದ ಬಾಧಿತರಾದ ಯಾರೇ ಆಗಲಿ 45 ದಿನಗಳೊಳಗೆ ದೆಹಲಿಯ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಲ್ಲಿಂದ ಮುಂದೆ, ಕಾನೂನಿನ ಗಣನೀಯ ಪ್ರಶ್ನೆಯಿದ್ದರೆ ಮಾತ್ರ, 60 ದಿನಗಳೊಳಗೆ ಸುಪ್ರೀಂ ಕೋರ್ಟ್. ದೆಹಲಿಯವರೆಗಿನ ಹಾದಿ ಒಬ್ಬ ಗ್ರಾಹಕನಿಗೆ ದೂರವೇ ಆದರೂ ಸಂಘಗಳು ಹೋಗುತ್ತವೆ, ಕಂಪನಿಗಳೂ ಹೋಗುತ್ತವೆ. ಮೇಲ್ಮನವಿಯಲ್ಲಿ ನ್ಯಾಯಾಧಿಕರಣ ಮುಖ್ಯವಾಗಿ ನೋಡುವುದು ಆಯೋಗದ ಮುಂದಿದ್ದ ದಾಖಲೆಗಳನ್ನು. ಲಿಖಿತವಾಗಿ ಎತ್ತಿದ ಆಕ್ಷೇಪಣೆಯೊಂದಕ್ಕೆ ಆಯೋಗ ಕಾರಣ ಕೊಡದೆ ಬಿಟ್ಟಿದ್ದರೆ ಅದೇ ಮೇಲ್ಮನವಿಗೆ ಆಧಾರವಾಗಬಲ್ಲದು, ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಿಟ್ಟದ್ದನ್ನು ಅಲ್ಲಿ ರುಜುವಾತುಪಡಿಸುವುದು ಕಷ್ಟ.